ಚುಕ್ಕೆ ಇಡುವ ಕೈ, ಚುಕ್ಕೆ ಅಳಿಸುವ ಕೈ

ಶಿವಮೊಗ್ಗದ ರವೀಂದ್ರನಗರದ ಗಣಪತಿ ದೇವಸ್ಥಾನದ ಬಳಿ ಆಟೊ ಹತ್ತಿದರೆ ಮೆಗ್ಗಾನ್ ಆಸ್ಪತ್ರೆ ಕೆಲವೇ ನಿಮಿಷದ ದಾರಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಸುಮಾರು 300 ಕಿಲೋಮೀಟರ್: ರಾತ್ರಿ ಬಸ್ಸು, ಬೆಳಗಿನ ಸಾಲು, ಮತ್ತೆ ರಾತ್ರಿ ಬಸ್ಸು. ಮುಂಬೈನ ಟಾಟಾ ಮೆಮೋರಿಯಲ್ ಅದರಾಚೆಯ ಮಾತು. ಶಿವಮೊಗ್ಗ, ಭದ್ರಾವತಿ ಕಡೆ ಬಾಯಿ ಕ್ಯಾನ್ಸರ್ ಬಂದವರ ಮನೆಮಂದಿಗೆ ಈ ದೂರಗಳು ಬಾಯಿಪಾಠವಾಗಿರುತ್ತವೆ. ಆಪರೇಷನ್ ಆಯಿತು, ಕರೆಂಟು ಕೊಡಿಸಿದ್ದಾಯಿತು, ಕೀಮೊ ಮುಗಿಯಿತು. ಆರು ತಿಂಗಳಿಗೋ ವರ್ಷಕ್ಕೋ ಕುತ್ತಿಗೆಯಲ್ಲಿ ಮತ್ತೆ ಗಂಟು ಕಾಣಿಸಿಕೊಂಡಾಗ ಹೊಸ ಪದವೊಂದು ಕಿವಿಗೆ ಬೀಳುತ್ತದೆ: ಇಮ್ಯುನೊಥೆರಪಿ. ಅದರ ಬೆನ್ನಿಗೇ ಇನ್ನೊಂದು ಮಾತು, ‘ಅದೆಲ್ಲ ನಮ್ಮಂಥವರಿಗೆ ಎಟುಕೋದಲ್ಲ’. ವಿಜ್ಞಾನ ಒಂದು ಕಡೆ, ದುಡ್ಡು ಇನ್ನೊಂದು ಕಡೆ ಎಂದು ಒಪ್ಪಿಕೊಂಡು ಎಲ್ಲರೂ ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಲು ಕಾರಣವಿಲ್ಲ ಎಂಬುದು ಇಲ್ಲಿನ ವಾದ. ಈ ಔಷಧದ ಬೆಲೆ ಎಷ್ಟು ಎಂದು ಕೇಳುವ ಮೊದಲು ಒಬ್ಬರಿಗೆ ಎಷ್ಟು ಔಷಧ ಬೇಕು ಎಂದು ಕೇಳಬೇಕು. ಅದಕ್ಕೆ ಉತ್ತರ ಬಿಳಿ ರಕ್ತಕಣದ ಮೈಮೇಲಿರುವ ಗ್ರಾಹಿಗಳಲ್ಲಿದೆ. ವೈದ್ಯರು ರಿಸೆಪ್ಟರ್ ಎನ್ನುವುದು ಇವನ್ನೇ.

ಮೊದಲು ಒಂದು ಪದದ ತಕರಾರು ಮುಗಿಸಿಕೊಳ್ಳೋಣ. ಕನ್ನಡದಲ್ಲಿ ನಾವು ‘ರೋಗನಿರೋಧಕ ಶಕ್ತಿ’ ಎನ್ನುತ್ತೇವೆ. ಶಕ್ತಿ ಎಂದ ಮೇಲೆ ಅದು ತೊಟ್ಟಿಯಲ್ಲಿ ತುಂಬಿಟ್ಟ ನೀರಿನಂತೆ. ಕಡಿಮೆಯಾದರೆ ಕಷಾಯ ಕುಡಿದು, ಚ್ಯವನಪ್ರಾಶ ತಿಂದು ಭರ್ತಿ ಮಾಡಿಕೊಳ್ಳಬಹುದು ಎಂಬ ಚಿತ್ರ ತಾನಾಗಿ ಮೂಡುತ್ತದೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಅಂಗಡಿಗಳಿಗೆ ಬಂದದ್ದು ಈ ಚಿತ್ರದ ಬಲದಿಂದಲೇ. ಆದರೆ 1994ರಲ್ಲಿ ವೈದ್ಯರು ವಿವರಿಸಿದ ಒಂದು ಅಪರೂಪದ ಹುಟ್ಟುಕಾಯಿಲೆ ಈ ಚಿತ್ರವನ್ನು ಹರಿದು ಹಾಕುತ್ತದೆ. ಆ ಶಿಶುಗಳ ರಕ್ತದಲ್ಲಿ ಟಿ-ಕೋಶ ಎಂಬ ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯವು ಬೇಕಾದಷ್ಟಿದ್ದವು. ಎಣಿಕೆಯಲ್ಲಿ ಕೊರತೆಯಿಲ್ಲ, ಕೆಲಸದಲ್ಲಿ ಮಾತ್ರ ಪೂರ್ಣ ಸೊನ್ನೆ. ಸಣ್ಣಪುಟ್ಟ ಸೋಂಕೂ ಜೀವಕ್ಕೆ ಬರುತ್ತಿತ್ತು. ಕಾರಣ, ಝ್ಯಾಪ್-70 ಎಂಬ ಒಂದೇ ಒಂದು ಪ್ರೋಟೀನ್ ಇರಲಿಲ್ಲ. ಅದು ಆಯುಧವಲ್ಲ, ಆಹಾರವೂ ಅಲ್ಲ. ಗ್ರಾಹಿಗೆ ತಾಕಿದ ಸುದ್ದಿಯನ್ನು ಕೋಶದ ಒಳಕ್ಕೆ ಮುಟ್ಟಿಸುವ ಓಲೆಕಾರ. ಓಲೆಕಾರ ಇಲ್ಲದೆ ಸೈನ್ಯವಿದ್ದೂ ಇಲ್ಲದಂತಾಯಿತು. ಹಾಗಾಗಿ ಈ ಲೇಖನದಲ್ಲಿ ಶಕ್ತಿಯ ಮಾತು ಬಿಟ್ಟು ಸಂಕೇತದ ಮಾತು ಆಡುವುದು ಮೇಲು.

ಆ ಸಂಕೇತವನ್ನು ಹತ್ತಿರದಿಂದ ನೋಡೋಣ. ಟಿ-ಕೋಶ ದೇಹದಲ್ಲಿ ಸುತ್ತುತ್ತಾ ಎದುರಾದ ಪ್ರತಿ ಜೀವಕೋಶವನ್ನೂ ತಡವುತ್ತದೆ. ಪ್ರತಿ ಜೀವಕೋಶ ತನ್ನೊಳಗೆ ಏನು ನಡೆದಿದೆ ಎಂಬುದರ ಚೂರುಗಳನ್ನು, ಅಂದರೆ ಪ್ರೋಟೀನಿನ ತುಣುಕುಗಳನ್ನು, ಹೊರಮೈಯಲ್ಲಿ ತಟ್ಟೆಯಲ್ಲಿಟ್ಟಂತೆ ಇಟ್ಟಿರುತ್ತದೆ. ಟಿ-ಕೋಶದ ಗ್ರಾಹಿ ಆ ತುಣುಕನ್ನು ಮುಟ್ಟಿ ನೋಡುತ್ತದೆ. ನಮ್ಮದಾದರೆ ಮುಂದೆ ಸಾಗುತ್ತದೆ, ಅಪರಿಚಿತವಾದರೆ ಅಂಟಿಕೊಳ್ಳುತ್ತದೆ. ಕುತೂಹಲದ ವಿಷಯವೆಂದರೆ ಗ್ರಾಹಿಯ ಹೊರಭಾಗಕ್ಕೆ ಗುರುತು ಹಿಡಿಯುವುದಷ್ಟೇ ಗೊತ್ತು, ಕೂಗಿ ಹೇಳಲು ಬರುವುದಿಲ್ಲ. ಕೂಗುವ ಕೆಲಸ ಅದರ ಜೊತೆಗಾರ ಪ್ರೋಟೀನುಗಳದ್ದು. ಅವುಗಳ ಬಾಲಗಳು ಕೋಶದೊಳಗೆ ಇಳಿಬಿದ್ದಿರುತ್ತವೆ, ಆ ಬಾಲಗಳ ಮೇಲೆ ಚುಕ್ಕೆ ಇಡಬಹುದಾದ 20 ಜಾಗಗಳಿವೆ. ಚುಕ್ಕೆ ಎಂದರೆ ಫಾಸ್ಫೇಟ್. ಹೊರಗೆ ಗ್ರಾಹಿ ಅಂಟಿದ ಕೂಡಲೇ ಎಲ್‌ಸಿಕೆ ಎಂಬ ಕಿಣ್ವ ಬಂದು, ಅಂಗಳದಲ್ಲಿ ರಂಗೋಲಿಗೆ ಚುಕ್ಕೆ ಇಟ್ಟ ಹಾಗೆ, ಈ ಜಾಗಗಳಲ್ಲಿ ಫಾಸ್ಫೇಟ್ ಇಡುತ್ತಾ ಹೋಗುತ್ತದೆ. ಒಂಟಿ ಚುಕ್ಕೆಗೆ ಬೆಲೆಯಿಲ್ಲ. ಅಕ್ಕಪಕ್ಕದಲ್ಲಿ ಜೋಡಿ ಚುಕ್ಕೆ ಬಿದ್ದಾಗಲೇ ಮೇಲೆ ಹೇಳಿದ ಝ್ಯಾಪ್-70 ಅಲ್ಲಿ ಬಂದು ಗಟ್ಟಿಯಾಗಿ ಕೂರುವುದು. ಅದು ಕೂತ ಮೇಲೆ ಗೆರೆಗಳು ಎಳೆದುಕೊಳ್ಳುತ್ತವೆ: ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ವಂಶವಾಹಿಗಳು ತೆರೆದುಕೊಳ್ಳುತ್ತವೆ, ಕೊಲ್ಲುವ ಅಣುಗಳು ತಯಾರಾಗುತ್ತವೆ. ಇಷ್ಟಕ್ಕೂ ಇದೊಂದೇ ಸಾಲದು. ಸಿಡಿ28 ಎಂಬ ಇನ್ನೊಂದು ಗ್ರಾಹಿಯಿಂದ ‘ಹೌದು, ಮುಂದುವರಿ’ ಎಂಬ ಎರಡನೇ ಸಂಕೇತವೂ ಬರಬೇಕು. ಒಂದೇ ಸಹಿಯ ಚೆಕ್ಕು ಇಲ್ಲಿ ನಡೆಯುವುದಿಲ್ಲ.

ಚುಕ್ಕೆ ಇಡುವ ಕೈ ಇದ್ದಲ್ಲಿ ಅಳಿಸುವ ಕೈಯೂ ಇರಬೇಕು. ಇಲ್ಲದಿದ್ದರೆ ಒಂದು ನೆಗಡಿಗೆ ಎದ್ದ ಸೈನ್ಯ ಊರನ್ನೇ ಸುಟ್ಟೀತು. ಕ್ಯೋಟೊದ ತಸುಕು ಹೊಂಜೊ ಅವರ ಪ್ರಯೋಗಾಲಯದಲ್ಲಿ 1992ರಲ್ಲಿ ಗುರುತಿಸಿದ ಪಿಡಿ-1 ಅಂಥ ಅಳಿಸುವ ಏರ್ಪಾಟಿನ ಬಾಗಿಲು. ಎದುರಿನ ಕೋಶದ ಮೇಲೆ ಪಿಡಿ-ಎಲ್1 ಎಂಬ ಜೋಡಿ ಅಣು ಸಿಕ್ಕರೆ ಪಿಡಿ-1 ಒಳಗಿನಿಂದ ಎಸ್‌ಎಚ್‌ಪಿ-2 ಎಂಬ ಕಿಣ್ವವನ್ನು ಕರೆಯುತ್ತದೆ. ಅದರ ಕೆಲಸ ಇಟ್ಟ ಚುಕ್ಕೆಗಳನ್ನು ಒರೆಸುವುದು. ಮುಖ್ಯ ಗ್ರಾಹಿಯ ಚುಕ್ಕೆಗಳಿಗಿಂತ ಹೆಚ್ಚಾಗಿ ಸಿಡಿ28ರ ಚುಕ್ಕೆಗಳನ್ನೇ ಅದು ಒರೆಸುತ್ತದೆ ಎಂದು 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಅಂದರೆ ಎರಡನೇ ಸಹಿಯನ್ನು ಅಳಿಸಿಬಿಡುತ್ತದೆ. ಕ್ಯಾನ್ಸರ್ ಕೋಶದ ಕಿಲಾಡಿತನ ಇರುವುದು ಇಲ್ಲೇ. ಟಿ-ಕೋಶ ದಾಳಿಗಿಳಿದಾಗ ಇಂಟರ್‌ಫೆರಾನ್-ಗಾಮಾ ಎಂಬ ರಾಸಾಯನಿಕ ಚಿಮ್ಮಿಸುತ್ತದೆ. ಆ ವಾಸನೆ ಬಡಿದದ್ದೇ ತಡ, ಗಡ್ಡೆಯ ಕೋಶಗಳು ಮೈತುಂಬ ಪಿಡಿ-ಎಲ್1 ಹೊದ್ದುಕೊಳ್ಳುತ್ತವೆ. ಹೊಡೆಯಲು ಬಂದವನ ಕೂಗನ್ನೇ ಕೇಳಿಸಿಕೊಂಡು ಅವನ ಬಾಯಿ ಕಟ್ಟುವ ತಂತ್ರ. ಅಮೆರಿಕದ ಜೇಮ್ಸ್ ಆಲಿಸನ್ ಇನ್ನೊಂದು ತಡೆಗ್ರಾಹಿ ಸಿಟಿಎಲ್‌ಎ-4ಅನ್ನು ಮುಚ್ಚಿದರೆ ಇಲಿಗಳಲ್ಲಿ ಗಡ್ಡೆ ಕರಗುತ್ತದೆ ಎಂದು 1996ರಲ್ಲಿ ತೋರಿಸಿದ್ದರು. 2018ರ ನೊಬೆಲ್ ಇವರಿಬ್ಬರಿಗೂ ಸೇರಿ ಬಂತು. ಹೀಗೆ ತಡೆಗ್ರಾಹಿಯನ್ನು ಮುಚ್ಚುವ ಇಮ್ಯುನೊಥೆರಪಿ ಔಷಧಗಳು ಯಾವ ಕ್ಯಾನ್ಸರ್ ಕೋಶವನ್ನೂ ತಾವಾಗಿ ಕೊಲ್ಲುವುದಿಲ್ಲ ಎಂಬುದನ್ನು ಗಮನಿಸಬೇಕು. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಮಾಡುವುದು ಇಷ್ಟೇ: ಪಿಡಿ-1 ಬಾಗಿಲಿಗೆ ಅಡ್ಡ ನಿಂತು, ಒರೆಸುವವನಿಗೆ ಕರೆ ಹೋಗದಂತೆ ನೋಡಿಕೊಳ್ಳುತ್ತವೆ.

ಎಷ್ಟು ಔಷಧ ಬೇಕು ಎಂಬ ಪ್ರಶ್ನೆ ಹಳೆಯ ಕೀಮೊ ಔಷಧಗಳಿಗಿಂತ ಇಲ್ಲಿ ಬೇರೆಯಾಗುವುದು ಇದೇ ಕಾರಣಕ್ಕೆ. ಕೀಮೊ ಎಂದರೆ ವಿಷ. ರೋಗಿ ತಾಳುವಷ್ಟೂ ಕೊಡು, ಹೆಚ್ಚು ಕೊಟ್ಟಷ್ಟೂ ಹೆಚ್ಚು ಕೋಶ ಸಾಯುತ್ತವೆ ಎಂಬುದು ದಶಕಗಳ ಪದ್ಧತಿ. ಗ್ರಾಹಿಯ ಮೇಲೆ ಕೂರುವ ಔಷಧಕ್ಕೆ ಈ ಲೆಕ್ಕ ಹೊಂದುವುದಿಲ್ಲ ಎಂಬ ಪಾಠವನ್ನು ವೈದ್ಯಲೋಕ ಕಹಿಯಾಗಿಯೇ ಕಲಿಯಿತು. 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಆರು ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ಟಿಜಿಎನ್1412 ಎಂಬ ಪ್ರತಿಕಾಯ ಚುಚ್ಚಿದರು. ಅದು ಸಿಡಿ28 ಗ್ರಾಹಿಯನ್ನು ನೇರವಾಗಿ ಎಬ್ಬಿಸುವಂಥದ್ದು, ಹಳೆಯ ಭಾಷೆಯಲ್ಲಿ ಅಪ್ಪಟ ‘ಶಕ್ತಿವರ್ಧಕ’. ಪ್ರಾಣಿಗಳು ತಾಳಿದ ಪ್ರಮಾಣದ ಸಣ್ಣ ಭಾಗವನ್ನಷ್ಟೇ ಕೊಟ್ಟಿದ್ದರು. ಗಂಟೆಗಳೊಳಗೆ ಆರೂ ಮಂದಿಯ ಅಂಗಾಂಗಗಳು ಸೋಲತೊಡಗಿ, ಎಲ್ಲರೂ ತೀವ್ರ ನಿಗಾ ಘಟಕ ಸೇರಿದರು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ತನಿಖೆಯಲ್ಲಿ ಗೊತ್ತಾದದ್ದೇನೆಂದರೆ, ಆ ‘ಸಣ್ಣ’ ಪ್ರಮಾಣವೇ ಸಿಡಿ28 ಗ್ರಾಹಿಗಳಲ್ಲಿ ಶೇ 90ರ ಆಸುಪಾಸು ತುಂಬಿಬಿಡುತ್ತಿತ್ತು. ಮಿಲಿಗ್ರಾಂ ಲೆಕ್ಕದಲ್ಲಿ ಚೂರು, ಗ್ರಾಹಿ ಲೆಕ್ಕದಲ್ಲಿ ಪೂರ್ತಿ. ಅಲ್ಲಿಂದ ಮುಂದೆ ಇಂಥ ಔಷಧಗಳ ಮೊದಲ ಪ್ರಮಾಣವನ್ನು ಪ್ರಾಣಿ ಎಷ್ಟು ತಾಳುತ್ತದೆ ಎಂಬುದರ ಮೇಲಷ್ಟೇ ನಿರ್ಧರಿಸದೆ, ಎಷ್ಟಕ್ಕೆ ಗ್ರಾಹಿ ಮಿಡಿಯತೊಡಗುತ್ತದೆ ಎಂದೂ ನೋಡಬೇಕೆಂಬ ನಿಯಮ ಯುರೋಪಿನಲ್ಲಿ ಬಂತು. ಸುರಕ್ಷತೆಗೆ ಈ ಪಾಠ ಕಲಿತವರು ಬೆಲೆಯ ವಿಷಯದಲ್ಲಿ ಅದನ್ನು ಮರೆತರು ಎಂಬುದು ನನ್ನ ಆಕ್ಷೇಪ.

ನಿವೊಲುಮ್ಯಾಬ್‌ನ ಮೊದಲ ಮಾನವ ಪರೀಕ್ಷೆಯ ವರದಿ 2010ರಲ್ಲಿ ಬಂತು. 39 ರೋಗಿಗಳು, ಕೆಲವರಿಗೆ ದೇಹತೂಕದ ಪ್ರತಿ ಕಿಲೋಗೆ 0.3 ಮಿಲಿಗ್ರಾಂ, ಕೆಲವರಿಗೆ 1, ಕೆಲವರಿಗೆ 3, ಕೆಲವರಿಗೆ 10. ಅವರ ರಕ್ತದ ಟಿ-ಕೋಶಗಳನ್ನು ತೆಗೆದು ಎಷ್ಟು ಪಿಡಿ-1 ಗ್ರಾಹಿಗಳ ಮೇಲೆ ಔಷಧ ಕೂತಿದೆ ಎಂದು ಎಣಿಸಿದರು. ಕನಿಷ್ಠ ಕೊಟ್ಟವರಲ್ಲೂ ಗರಿಷ್ಠ ಕೊಟ್ಟವರಲ್ಲೂ ಸರಾಸರಿ ಶೇ 70ಕ್ಕೂ ಹೆಚ್ಚು ಗ್ರಾಹಿಗಳು ಭರ್ತಿ, ಅದೂ ಒಂದೇ ಚುಚ್ಚುಮದ್ದಿಗೆ ಎರಡು ತಿಂಗಳವರೆಗೆ. ಕೆಎಸ್‌ಆರ್‌ಟಿಸಿ ಬಸ್ಸಿನ ಸೀಟು ಐವತ್ತಾದರೆ ನಿಲ್ದಾಣದಲ್ಲಿ ನೂರು ಜನ ನಿಂತಿರಲಿ, ಸಾವಿರ ಜನ ನಿಂತಿರಲಿ, ಕೂರುವವರು ಐವತ್ತೇ. ಆದರೂ ಬಳಕೆಗೆ ಬಂದದ್ದು ಮೊದಲು ಕಿಲೋಗೆ 3 ಮಿಲಿಗ್ರಾಂ, ಆಮೇಲೆ ಎಲ್ಲರಿಗೂ ಒಂದೇ ಅಳತೆಯಾಗಿ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಪೆಂಬ್ರೊಲಿಜುಮ್ಯಾಬ್‌ನದ್ದೂ ಇದೇ ಕತೆ. 2014ರಲ್ಲಿ ಕಿಲೋಗೆ 2 ಮಿಲಿಗ್ರಾಂ ಎಂದು ಅನುಮತಿ ಪಡೆದದ್ದು ಆಮೇಲೆ ಮೂರು ವಾರಕ್ಕೊಮ್ಮೆ ಎಲ್ಲರಿಗೂ 200 ಮಿಲಿಗ್ರಾಂ ಆಯಿತು. ಅಮೆರಿಕದ ದಪ್ಪ ಮೈಗೆ ಅದು ಹೊಂದಬಹುದು. 55 ಕಿಲೋ ತೂಗುವ ಮಲೆನಾಡಿನ ರೈತನಿಗೆ ಹಳೆಯ ಲೆಕ್ಕದಲ್ಲಿ 110 ಸಾಕಾಗುತ್ತಿತ್ತು. ಉಳಿದ 90 ಮಿಲಿಗ್ರಾಂ ಯಾವ ಸೀಟಿನಲ್ಲೂ ಕೂರದ ಪ್ರಯಾಣಿಕ, ಟಿಕೆಟ್ಟಿನ ದುಡ್ಡು ಮಾತ್ರ ಪೂರ್ತಿ.

ಈ ಎಣಿಕೆಯನ್ನು ರೋಗಿಯ ಹಾಸಿಗೆಯ ತನಕ ತಂದವರು ಮುಂಬೈನ ಟಾಟಾ ಮೆಮೋರಿಯಲ್ ವೈದ್ಯರು. ಡಾ. ವಿಜಯ್ ಪಾಟೀಲ್, ಡಾ. ಕುಮಾರ್ ಪ್ರಭಾಷ್ ಮತ್ತು ತಂಡ 2022ರಲ್ಲಿ ‘ಜರ್ನಲ್ ಆಫ್ ಕ್ಲಿನಿಕಲ್ ಆಂಕಾಲಜಿ’ಯಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಬಾಯಿ, ಗಂಟಲು, ಕುತ್ತಿಗೆ ಭಾಗದ ಕ್ಯಾನ್ಸರ್ ಮುಂದುವರಿದ 151 ರೋಗಿಗಳಿದ್ದರು. ಅರ್ಧದಷ್ಟು ಮಂದಿಗೆ ಮೆಥೊಟ್ರೆಕ್ಸೇಟ್, ಸೆಲೆಕೊಕ್ಸಿಬ್, ಎರ್ಲೋಟಿನಿಬ್ ಎಂಬ ಮೂರು ಅಗ್ಗದ ಔಷಧ. ಉಳಿದರ್ಧಕ್ಕೆ ಅದೇ ಮೂರು, ಜೊತೆಗೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್. ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ಬದುಕಿದ್ದವರು ಶೇ 16.3, ಎರಡನೇ ಗುಂಪಿನಲ್ಲಿ ಶೇ 43.4. ತೀವ್ರ ಅಡ್ಡಪರಿಣಾಮ ಎರಡನೇ ಗುಂಪಿನಲ್ಲಿ ಹೆಚ್ಚೇನೂ ಆಗಲಿಲ್ಲ. 20 ಮಿಲಿಗ್ರಾಂ ಎಂದರೆ 55 ಕಿಲೋ ತೂಕದವರಿಗೆ ಕಿಲೋಗೆ 0.36, 2010ರ ಪರೀಕ್ಷೆಯ ಅತಿ ಕಡಿಮೆ ಅಳತೆಗಿಂತ ಕೂದಲೆಳೆ ಮೇಲೆ. ಹನ್ನೆರಡು ವಾರಕ್ಕೆ ಕೂಡಿಸಿ ನೋಡಿ: ಪ್ರಚಲಿತ ಅಳತೆಯಲ್ಲಿ 1,440 ಮಿಲಿಗ್ರಾಂ, ಟಾಟಾ ಅಳತೆಯಲ್ಲಿ 80. ಹದಿನೆಂಟಕ್ಕೆ ಒಂದು. ಸಿರಿಂಜಿನಲ್ಲಿ ನೋಡಿದರೆ 20 ಮಿಲಿಗ್ರಾಂ ಅಂದರೆ 2 ಮಿಲಿಲೀಟರ್ ದ್ರವ, ಮಕ್ಕಳ ಜ್ವರದ ಸಿರಪ್ಪಿಗೆ ಕೊಡುವ ಚಮಚದ ಅರ್ಧವೂ ಇಲ್ಲ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಈ ರೋಗಕ್ಕೆ ಅನುಮೋದಿತ ದುಬಾರಿ ಚಿಕಿತ್ಸೆ ಎಟುಕುವುದು ನೂರರಲ್ಲಿ ಒಬ್ಬರಿಂದ ಮೂವರಿಗೆ ಎಂದು ಅದೇ ಪ್ರಬಂಧ ಹೇಳುತ್ತದೆ. ಉಳಿದ 97 ಜನರ ಲೆಕ್ಕವನ್ನು ಈ 2 ಮಿಲಿಲೀಟರ್ ಮುಂದಿಡುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು, ಅದನ್ನು ತೇಲಿಸಿ ಮಾತಾಡಬಾರದು. ಟಾಟಾ ಪರೀಕ್ಷೆಯಲ್ಲಿ ಕಡಿಮೆ ಅಳತೆಯನ್ನು ಪೂರ್ಣ ಅಳತೆಯೊಂದಿಗೆ ಹೋಲಿಸಲಿಲ್ಲ, ನಿವೊಲುಮ್ಯಾಬ್ ಇಲ್ಲದ ಗುಂಪಿನೊಂದಿಗೆ ಹೋಲಿಸಿದರು. ಹಾಗಾಗಿ 20 ಮಿಲಿಗ್ರಾಂ ಕೊಡುವುದು ಅದನ್ನು ಕೊಡದಿರುವುದಕ್ಕಿಂತ ಬಹಳ ಮೇಲು ಎಂದು ಸಾಬೀತಾಯಿತು. 240ಕ್ಕೆ ಸಮ ಎಂದಾಗಲಿಲ್ಲ. ಜೊತೆಗೆ ರಕ್ತದಲ್ಲಿ ತೇಲುವ ಟಿ-ಕೋಶದ ಗ್ರಾಹಿ ತುಂಬಿದೆ ಎಂದ ಮಾತ್ರಕ್ಕೆ ಗಡ್ಡೆಯ ಗಟ್ಟಿ ಮಾಂಸದೊಳಗೆ ಸಿಕ್ಕಿಕೊಂಡ ಟಿ-ಕೋಶದ ಗ್ರಾಹಿಯೂ ತುಂಬಿದೆ ಎನ್ನಲಾಗದು. ಮೂತ್ರಪಿಂಡದ ಕ್ಯಾನ್ಸರಿನಲ್ಲಿ ನಿವೊಲುಮ್ಯಾಬ್‌ನ ಅಳತೆಗಳನ್ನು ನೇರವಾಗಿಯೇ ಹೋಲಿಸಿದ್ದಾರೆ. 168 ರೋಗಿಗಳಿಗೆ ಕಿಲೋಗೆ 0.3, 2, 10 ಮಿಲಿಗ್ರಾಂ ಎಂಬ ಮೂರು ಅಳತೆ. ಗಡ್ಡೆ ಕುಗ್ಗಿದವರು ಕ್ರಮವಾಗಿ ಶೇ 20, 22, 20. ಇದು ನನ್ನ ವಾದಕ್ಕೆ ಅನುಕೂಲ. ಆದರೆ ಅದೇ ಪರೀಕ್ಷೆಯಲ್ಲಿ ಮಧ್ಯಮಾಂಕ ಬದುಕು ಕನಿಷ್ಠ ಅಳತೆಯವರಿಗೆ 18.2 ತಿಂಗಳು, ಉಳಿದವರಿಗೆ 25.5 ಮತ್ತು 24.7. ಇದು ಅನುಕೂಲವಲ್ಲ. ಅಷ್ಟು ಸಣ್ಣ ಗುಂಪುಗಳಲ್ಲಿ ಈ ಅಂತರ ಆಕಸ್ಮಿಕವೂ ಇರಬಹುದು, ನಿಜವೂ ಇರಬಹುದು. ಹಾಗಿದ್ದರೂ 2 ಮಿಲಿಗ್ರಾಂ ಮತ್ತು 10 ಮಿಲಿಗ್ರಾಂ ನಡುವೆ ಐದು ಪಟ್ಟು ಔಷಧಕ್ಕೆ ಒಂದು ದಿನದ ಲಾಭವೂ ಇಲ್ಲ ಎಂಬುದಂತೂ ಅದೇ ಸಾಲಿನಲ್ಲಿದೆ. ಸರಿಯಾದ ಅಳತೆ 20 ಮಿಲಿಗ್ರಾಮೋ, 40ಓ, 100ಓ ಎಂಬ ಜಗಳ ಉಳಿಯಲಿ. ಇವತ್ತಿನ ಅಳತೆ ಗ್ರಾಹಿಯ ಅಗತ್ಯಕ್ಕಿಂತ ಮೇಲಿದೆ ಎಂಬುದರಲ್ಲಿ ಜಗಳ ಕಡಿಮೆ.

ಎರಡನೇ ಆಕ್ಷೇಪ ಮಾನದ್ದು. ಶ್ರೀಮಂತರಿಗೆ ಪೂರ್ತಿ ಸೀಸೆ, ಬಡವರಿಗೆ ಅರ್ಧ ಸೀಸೆಯೇ? ಕೇಳಬೇಕಾದ ಪ್ರಶ್ನೆಯೇ. ಆದರೆ ನಮ್ಮ ಮನೆಗಳ ಮಾತ್ರೆ ಡಬ್ಬಿಯಲ್ಲೇ ಇದಕ್ಕೊಂದು ಉತ್ತರವಿದೆ. ಹೃದಯಾಘಾತವಾದ ಹಿರಿಯರು ದಿನಾ ನುಂಗುವ ಆಸ್ಪಿರಿನ್ 75 ಮಿಲಿಗ್ರಾಂ. ತಲೆನೋವಿಗೆ ಬೇಕಾದದ್ದು ಅದರ ನಾಲ್ಕು ಪಟ್ಟು, ಐದು ಪಟ್ಟು. ರಕ್ತದ ಕಿರುಬಿಲ್ಲೆಗಳಲ್ಲಿರುವ ಒಂದು ಕಿಣ್ವವನ್ನು ಮುಚ್ಚಲು 75 ಸಾಕು, ಮುಚ್ಚಿದ್ದು ಮತ್ತೆ ತೆರೆಯುವುದಿಲ್ಲ, ಹೆಚ್ಚು ಕೊಟ್ಟರೆ ಹೊಟ್ಟೆಯಲ್ಲಿ ರಕ್ತಸ್ರಾವವಷ್ಟೇ ಹೆಚ್ಚು. ಆ ಸಣ್ಣ ಮಾತ್ರೆಯನ್ನು ಬಡವರ ಆಸ್ಪಿರಿನ್ ಎಂದು ಯಾರೂ ಕರೆಯುವುದಿಲ್ಲ. ಅಂಬಾನಿಯೂ ಅದನ್ನೇ ನುಂಗಬೇಕು. ಇಮ್ಯುನೊಥೆರಪಿಯ ಅಳತೆ ಇಳಿಸುವ ಪರೀಕ್ಷೆ ಬಡ ದೇಶಗಳಲ್ಲಷ್ಟೇ ನಡೆಯುತ್ತಿದೆ ಎಂಬುದೂ ತಪ್ಪು ಕಲ್ಪನೆ. ನೆದರ್ಲೆಂಡ್ಸ್ ತನ್ನದೇ ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ಕಡಿಮೆ ಅಳತೆಯ ಪೆಂಬ್ರೊಲಿಜುಮ್ಯಾಬ್ ಪರೀಕ್ಷೆಗೆ ಇಳಿದಿದೆ. ಸಿಂಗಪುರದ ವೈದ್ಯರು 200ರ ಬದಲು 100 ಮಿಲಿಗ್ರಾಂ ಪಡೆದವರ ಬದುಕಿನ ಅವಧಿ ಹೆಚ್ಚುಕಡಿಮೆ ಅಷ್ಟೇ ಎಂದು ವರದಿ ಮಾಡಿದ್ದಾರೆ. ಕಂಪನಿಗಳು ಇಂಥ ಪರೀಕ್ಷೆಗೆ ದುಡ್ಡು ಹಾಕುವುದಿಲ್ಲ, ತಮ್ಮ ಸರಕು ಕಡಿಮೆ ಸಾಕು ಎಂದು ಯಾವ ವ್ಯಾಪಾರಿ ಸಾಬೀತು ಮಾಡಿಯಾನು? ಅದು ಸರ್ಕಾರದ ದುಡ್ಡಿನಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಆಗಬೇಕಾದ ಕೆಲಸ. ಪೇಟೆಂಟ್ ಮುಗಿದರೆ ಬೆಲೆ ತಾನೇ ಇಳಿಯುತ್ತದಲ್ಲ ಎಂದರೆ, ಇಳಿಯುತ್ತದೆ ನಿಜ. ನಿವೊಲುಮ್ಯಾಬ್‌ನ ಭಾರತೀಯ ಪೇಟೆಂಟ್ ಅವಧಿ 2026ರ ಮೇ ತಿಂಗಳವರೆಗೆ. ಅದಕ್ಕೂ ಮೊದಲೇ ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಮತ್ತು ಝೈಡಸ್ ದೆಹಲಿ ಹೈಕೋರ್ಟಿನಲ್ಲಿ ಸೆಣಸಿದ್ದವು. ಆದರೆ ಬೆಲೆ ಅರ್ಧಕ್ಕೆ, ಕಾಲಕ್ಕೆ ಇಳಿದರೂ 1,440 ಮಿಲಿಗ್ರಾಮಿನ ಕಾಲುಭಾಗದ ಬೆಲೆ 80 ಮಿಲಿಗ್ರಾಮಿನದಕ್ಕಿಂತ ಬಹಳ ಮೇಲೇ ಇರುತ್ತದೆ.

ಮೂರನೆಯದು, ಜಿಲ್ಲೆಯಲ್ಲಿ ಇದನ್ನು ಸಂಭಾಳಿಸಲು ಆಗುತ್ತದೆಯೇ ಎಂಬುದು. ಒರೆಸುವ ಕೈಯನ್ನು ತಡೆದ ಮೇಲೆ ಚುಕ್ಕೆಗಳು ಬೇಡದ ಕಡೆಯೂ ಉಳಿಯುತ್ತವೆ. ಥೈರಾಯ್ಡ್ ಸೋಲಬಹುದು, ಕರುಳು ಉರಿಯಬಹುದು, ಅಪರೂಪಕ್ಕೆ ಶ್ವಾಸಕೋಶ, ಹೃದಯದ ಸ್ನಾಯು ಕೂಡ. ಕೀಮೊದ ವಾಂತಿಯಂತೆ ಇವು ಸಾಮಾನ್ಯವಾಗಿ ಚುಚ್ಚಿದ ವಾರದಲ್ಲೇ ಬರುವುದಿಲ್ಲ. ತಿಂಗಳುಗಳಾದ ಮೇಲೆ ಬರಿಯ ಭೇದಿ ಎಂದು ಹತ್ತಿರದ ಕ್ಲಿನಿಕ್ಕಿಗೆ ಹೋದವರಿಗೆ ಕಾರಣ ಹೊಳೆಯದೇ ಹೋಗಬಹುದು. ಇದೇ ಕಾರಣಕ್ಕೆ ಈ ಚಿಕಿತ್ಸೆ ಊರಿನ ಹತ್ತಿರವೇ ಇರಬೇಕು ಎಂಬುದು ನನ್ನ ತೀರ್ಮಾನ. ಬೆಂಗಳೂರಿನಲ್ಲಿ ಚುಚ್ಚಿಸಿಕೊಂಡು ಹೊಳೆಹೊನ್ನೂರಿಗೆ ಮರಳಿದವರ ಭೇದಿಯನ್ನು ನೋಡುವವರು ಹೇಗೂ ಶಿವಮೊಗ್ಗದ ವೈದ್ಯರೇ. ಬೇಕಾದದ್ದು ಥೈರಾಯ್ಡಿನ ಟಿಎಸ್‌ಎಚ್, ಯಕೃತ್ತಿನ ಪರೀಕ್ಷೆ, ಎದೆಯ ಚಿತ್ರ, ಸಕಾಲಕ್ಕೆ ಸ್ಟೆರಾಯ್ಡ್, ಅನುಮಾನ ಬಂದಾಗ ಫೋನೆತ್ತುವ ಒಬ್ಬ ಆಂಕಾಲಜಿಸ್ಟ್. ಕೇಂದ್ರ ಸರ್ಕಾರ 2025ರ ಬಜೆಟ್ಟಿನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರ ಎಂದು ಘೋಷಿಸಿತು. ರಾಜ್ಯ ಸರ್ಕಾರವೂ ಅದೇ ವರ್ಷ 16 ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕೀಮೊಥೆರಪಿ ಶುರು ಮಾಡಿತು. ನಿವೊಲುಮ್ಯಾಬ್ ಅರ್ಧ ಗಂಟೆಯ ಡ್ರಿಪ್. ಡೇ ಕೇರ್ ಕುರ್ಚಿಗೆ ಇದಕ್ಕಿಂತ ಹೇಳಿ ಮಾಡಿಸಿದ ಔಷಧ ಸಿಗುವುದು ಕಷ್ಟ.

ಇಲ್ಲಿ ಯಾರಾದರೂ ಕಾರ್-ಟಿ ಬಗ್ಗೆ ಕೇಳಿಯೇ ಕೇಳುತ್ತಾರೆ, ಪತ್ರಿಕೆಗಳ ತುಂಬ ಅದೇ ಸುದ್ದಿ. ಅದು ಗ್ರಾಹಿ ವಿಜ್ಞಾನದ ಇನ್ನೊಂದು ತುದಿ. ಇರುವ ಗ್ರಾಹಿಯನ್ನು ಮುಚ್ಚುವ ಬದಲು ಹೊಸ ಗ್ರಾಹಿಯನ್ನೇ ಹೊಲಿದು ತೊಡಿಸುವುದು: ಹೊರಗೆ ಕ್ಯಾನ್ಸರ್ ಕೋಶದ ಗುರುತು ಹಿಡಿಯುವ ಪ್ರತಿಕಾಯದ ತುಂಡು, ಒಳಗೆ ನಾವು ನೋಡಿದ ಚುಕ್ಕೆ ಜಾಗಗಳ ಬಾಲ, ನಡುವೆ ಎರಡನೇ ಸಹಿಯ ತುಂಡು. ಎರಡೂ ಸಹಿ ಒಂದೇ ಅಣುವಿನಲ್ಲಿ. ಇಸ್ರೇಲಿನ ಝೆಲಿಗ್ ಎಶ್ಹಾರ್ 1989ರಲ್ಲಿ ಇದರ ಮೊದಲ ರೂಪ ತೋರಿಸಿದರು. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಬಾಲಕಿಯ ರಕ್ತಕ್ಯಾನ್ಸರ್ ಇದರಿಂದ ಮಾಯವಾಯಿತು. ನಮ್ಮಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ ಬಾರ್ಸಿಲೋನಾದ ತಂತ್ರಜ್ಞಾನ ತಂದು ಕಾರ್ಟೆಮಿ ಹೆಸರಿನ ಚಿಕಿತ್ಸೆಯನ್ನು 2025ರ ಜನವರಿಯಲ್ಲಿ ಬಿಡುಗಡೆ ಮಾಡಿತು. ಅಮೆರಿಕದಲ್ಲಿ ನಾಲ್ಕು ಕೋಟಿಯ ಆಚೆಗಿದ್ದದ್ದು ಇಲ್ಲಿ ಲಕ್ಷಗಳಿಗೆ ಇಳಿದದ್ದು ಸಣ್ಣ ಮಾತಲ್ಲ. ಆದರೂ ಆ ಲಕ್ಷಗಳು ಹತ್ತಾರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷದ ಮಿತಿ 5 ಲಕ್ಷ. ಅದಕ್ಕಿಂತ ಮುಖ್ಯ, ಈ ಚಿಕಿತ್ಸೆಗಳು ಬಿ-ಕೋಶದ ರಕ್ತಕ್ಯಾನ್ಸರುಗಳಿಗೆ. ಅವು ಹಿಡಿಯುವ ಸಿಡಿ19 ಗುರುತು ಬಾಯಿಯ ಗಡ್ಡೆಯ ಮೇಲೆ ಇಲ್ಲ. ಶಿವಮೊಗ್ಗದ ದೊಡ್ಡ ಪ್ರಶ್ನೆಗೆ ಸದ್ಯಕ್ಕೆ ಅದು ಉತ್ತರವಲ್ಲ.

ದೊಡ್ಡ ಪ್ರಶ್ನೆ ಬಾಯಿಯದ್ದು. 2022ರಲ್ಲಿ ಭಾರತದಲ್ಲಿ ಹೊಸದಾಗಿ ಪತ್ತೆಯಾದ ತುಟಿ ಮತ್ತು ಬಾಯಿ ಕ್ಯಾನ್ಸರ್ ಪ್ರಕರಣ ಸುಮಾರು 1.44 ಲಕ್ಷ. ರಾಶಿ, ಸರಕು, ಬೆಟ್ಟೆ, ಗೊರಬಲು ಎಂದು ದಿನಬೆಳಗಾದರೆ ದರ ನೋಡುವ ಊರಿನಲ್ಲಿ ಇದನ್ನು ಬರೆಯುವಾಗ ಅಡಿಕೆಯ ಮಾತು ನುಂಗಿಕೊಳ್ಳುವುದು ಅಪ್ರಾಮಾಣಿಕತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು, ತಂಬಾಕು ಬೆರೆಸದಿದ್ದರೂ, ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಸೇರಿಸಿದೆ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು, ಆಮೇಲೆ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಅದೇ ಗೂಡಂಗಡಿಯಲ್ಲಿ ತೂಗಾಡತೊಡಗಿದವು. ಬೆಳೆಗಾರರ ಸಿಟ್ಟು ಅರ್ಥವಾಗುವಂಥದ್ದು. ತೋಟದ ಹಣ್ಣಡಿಕೆಗೂ ಕಾರ್ಖಾನೆಯ ಚೀಟಿಗೂ ನಡುವೆ ಬಹಳ ಕೈಗಳಿವೆ. ಆ ವಾದ ಇನ್ನೊಂದು ದಿನಕ್ಕಿರಲಿ. ತಡೆಗಟ್ಟುವುದು ಎಲ್ಲ ಔಷಧಕ್ಕಿಂತ ಅಗ್ಗ ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಈಗಾಗಲೇ ಕುತ್ತಿಗೆಯಲ್ಲಿ ಗಂಟು ಮರಳಿದವರಿಗೆ ಆ ಮಾತಿನಿಂದ ಏನೂ ಒದಗುವುದಿಲ್ಲ. ಒಂಟಿಯಾಗಿ ಕೊಟ್ಟ ನಿವೊಲುಮ್ಯಾಬ್‌ಗೆ ಗಡ್ಡೆ ಕುಗ್ಗುವುದು ನೂರರಲ್ಲಿ ಹದಿಮೂರು ಜನರಿಗೆ ಎಂದು ಪೂರ್ಣ ಅಳತೆಯ ದೊಡ್ಡ ಪರೀಕ್ಷೆಯೇ ಹೇಳಿದೆ. ಟಾಟಾ ತಂಡದ ಮಾರ್ಗದಲ್ಲೂ ಹೆಚ್ಚಿನವರು ಕೊನೆಗೆ ಅದೇ ರೋಗಕ್ಕೆ ಸೋತರು. ಸಂಜೀವಿನಿ ಎಂದು ಮಾರುವವರಿಂದ ದೂರ ಇರಬೇಕು.

ಸಂಜೀವಿನಿಯ ಹುಡುಕಾಟ ಈ ಜಿಲ್ಲೆಗೆ ಹೊಸದಲ್ಲ. ಸಾಗರ ತಾಲ್ಲೂಕಿನ ಆನಂದಪುರದ ಬಳಿಯ ನರಸೀಪುರಕ್ಕೆ, 2020ರಲ್ಲಿ ತೀರಿಕೊಂಡ ನಾಟಿ ವೈದ್ಯ ನಾರಾಯಣಮೂರ್ತಿಯವರ ಮನೆ ಬಾಗಿಲಿಗೆ, ಗುರುವಾರ ಮತ್ತು ಭಾನುವಾರಗಳಂದು ದೇಶದ ಮೂಲೆಮೂಲೆಯಿಂದ ಕ್ಯಾನ್ಸರ್ ರೋಗಿಗಳ ಕಡೆಯವರು ಬಂದು ಸಾಲು ನಿಲ್ಲುತ್ತಿದ್ದರು. ಆ ಮದ್ದಿನ ಗುಣಾವಗುಣ ಇಲ್ಲಿನ ವಿಷಯವಲ್ಲ, ಆ ಸಾಲು ವಿಷಯ. ಅಲ್ಲಿ ಬೆಲೆ ಕೈಗೆಟುಕುತ್ತಿತ್ತು, ಯಾರೋ ಎದುರು ಕೂತು ಮಾತಾಡುತ್ತಿದ್ದರು, ದಿನ ಗೊತ್ತಿರುತ್ತಿತ್ತು. ಆಧುನಿಕ ಚಿಕಿತ್ಸೆ ಈ ಮೂರನ್ನೂ ಕೊಡಲಾರದು ಎಂದು ಯಾರೂ ಬರೆದಿಟ್ಟಿಲ್ಲ. 2012ರಲ್ಲಿ ಶುರುವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನ ಆಸ್ಪತ್ರೆಗಳು ಔಷಧಗಳನ್ನು ಒಟ್ಟಾಗಿ ಚೌಕಾಶಿ ಮಾಡಿ ಕೊಂಡು ಬೆಲೆ ಇಳಿಸಿ ತೋರಿಸಿವೆ. ಶಿವಮೊಗ್ಗದ ಸಿಮ್ಸ್‌ನಂಥ ಸರ್ಕಾರಿ ವೈದ್ಯಕೀಯ ಬೋಧನಾ ಸಂಸ್ಥೆಯಲ್ಲಿ 20 ಮತ್ತು 40 ಮಿಲಿಗ್ರಾಮಿನ ಪರೀಕ್ಷೆ ನಡೆಸಿದರೆ ರೋಗಿಗೆ ಔಷಧವೂ ಸಿಗುತ್ತದೆ, ಮೊದಲ ಆಕ್ಷೇಪಕ್ಕೆ ಉತ್ತರವೂ ಸಿಗುತ್ತದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಜೈವಿಕ ತಂತ್ರಜ್ಞಾನ ವಿಭಾಗವಿದೆ. ಆ ರೋಗಿಗಳ ಒಂದು ಕೊಳವೆ ರಕ್ತದಲ್ಲಿ ಎಷ್ಟು ಪಿಡಿ-1 ಭರ್ತಿಯಾಗಿದೆ ಎಂದು ಎಣಿಸುವ ಕೆಲಸ ಸರಿಯಾದ ಯಂತ್ರ ಕೊಟ್ಟರೆ ಅಲ್ಲಿಯೂ ಆದೀತು.

ಉಳಿಯುವುದು ಸೀಸೆಯ ತೊಡಕು. ನಿವೊಲುಮ್ಯಾಬ್‌ನ ಚಿಕ್ಕ ಸೀಸೆಯಲ್ಲಿ 4 ಮಿಲಿಲೀಟರ್, ಅಂದರೆ 40 ಮಿಲಿಗ್ರಾಂ ಇರುತ್ತದೆ. ಕೆಡದಂತೆ ಕಾಯುವ ಯಾವ ರಾಸಾಯನಿಕವೂ ಅದರಲ್ಲಿಲ್ಲ. 2ರಿಂದ 8 ಡಿಗ್ರಿ ತಂಪಿನಲ್ಲಿಟ್ಟು, ಬೆಳಕಿಗೊಡ್ಡದೆ, ಒಮ್ಮೆ ಚುಚ್ಚಿದ ಮೇಲೆ ಉಳಿದದ್ದನ್ನು ಚೆಲ್ಲಬೇಕು. ಒಬ್ಬರಿಗೆ 2 ಮಿಲಿಲೀಟರ್ ಕೊಟ್ಟು ಇನ್ನೆರಡನ್ನು ಮೋರಿಗೆ ಸುರಿದರೆ ಅರ್ಧ ಲಾಭ ಅಲ್ಲೇ ಹರಿದುಹೋಗುತ್ತದೆ. ಸ್ವಚ್ಛ ಕೊಠಡಿಯಲ್ಲಿ ಒಂದೇ ಸೀಸೆಯಿಂದ ಎರಡು ಡ್ರಿಪ್ ಚೀಲ ತಯಾರಿಸಬೇಕು, ಎರಡನೇ ರೋಗಿ ಅದೇ ಹೊತ್ತಿಗೆ ಪಕ್ಕದ ಕುರ್ಚಿಯಲ್ಲಿ ಇರಬೇಕು. ಭದ್ರಾವತಿಯಿಂದ ಬರುವವರಿಗೂ ಸಾಗರದಿಂದ ಬರುವವರಿಗೂ ಮೂರು ವಾರಕ್ಕೊಮ್ಮೆ ಒಂದೇ ದಿನ ಗೊತ್ತು ಮಾಡಿ, ಹಿಂದಿನ ಸಂಜೆ ಇಬ್ಬರಿಗೂ ಫೋನ್ ಮಾಡಿ, ಒಬ್ಬರು ಬರುವುದಿಲ್ಲ ಎಂದರೆ ಮೂರನೆಯವರನ್ನು ಕರೆಸುವುದು ಆಸ್ಪತ್ರೆಯ ಫಾರ್ಮಸಿಸ್ಟ್ ಮತ್ತು ಒಬ್ಬ ನರ್ಸ್ ಸೇರಿ ಒಂದು ರೂಲು ಹಾಕಿದ ಪುಸ್ತಕದಲ್ಲಿ ಮಾಡಬಹುದಾದ ಕೆಲಸ.